ಮಿನಿಯ ಎರಡನೇ ಪೈಪ್

1/7
ಹಳೆ ಮಿನಿ ಕಾರ್ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಮಿಸ್ಟರ್ ಬೀನ್. ಕಾರ್ ಹುಚ್ಚು ಇರೋರಿಗೆ ಮಾಂಟೆ ಕಾರ್ಲೋ ರ‍್ಯಾಲಿ. ಈ ಸಲದ ಸರಣಿ ಅವೆರಡರ ಬಗ್ಗೆಯೂ ಅಲ್ಲ. ಆ ಕಾರಿನ ಹೊಟ್ಟೆಯ ಕೆಳಗೆ ಹಾದುಹೋಗುವ, ಪೆನ್ಸಿಲ್‌ಗಿಂತ ಸಣ್ಣದಾದ ಒಂದು ಪೈಪ್ ಬಗ್ಗೆ. ಬ್ರೇಕ್ ಆಯಿಲ್ ಹೋಗುವ ಪೈಪ್.

ಮಿನಿ ಮಾರುಕಟ್ಟೆಗೆ ಬಂದದ್ದು 1959ರ ಆಗಸ್ಟ್ 26ರಂದು. ಆಗ ಇಂಜಿನ್ 848 ಸಿಸಿ. 1964ರ ಹೊತ್ತಿಗೆ ಕೂಪರ್ ಎಸ್ ಮಾಡೆಲ್‌ನಲ್ಲಿ ಅದು 1275 ಸಿಸಿ ಆಗಿತ್ತು. ಅಂದ್ರೆ ಐದೇ ವರ್ಷದಲ್ಲಿ ಇಂಜಿನ್ ಒಂದೂವರೆ ಪಟ್ಟು ಬೆಳೆಯಿತು. ಆದರೆ ಬ್ರಿಟನ್ನಿನ ಸಾಮಾನ್ಯ ಮಿನಿಯ ಬ್ರೇಕ್ ಆಯಿಲ್‌ಗೆ ಎರಡನೇ ದಾರಿ ಸಿಗಲು ಅಲ್ಲಿಂದ ಮುಂದೆ ಇನ್ನೂ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. ಅಷ್ಟೊಂದು ತಡ ಯಾಕೆ ಅನ್ನೋದೇ ಈ ಏಳು ಕ್ಯಾಪ್ಷನ್‌ಗಳ ಕಥೆ.

2/7
ಮೊದಲು ಹೈಡ್ರಾಲಿಕ್ ಬ್ರೇಕ್ ಅಂದ್ರೆ ಏನು ಅಂತ ನೋಡಿಬಿಡೋಣ. ಪಿಯುಸಿಯಲ್ಲಿ ಪ್ಯಾಸ್ಕಲ್ ನಿಯಮ ಓದಿದವರು ಎರಡು ಪ್ಯಾರಾ ಹಾರಿಸಿ ಹೋಗಬಹುದು.

ಮುಚ್ಚಿದ ಪಾತ್ರೆಯಲ್ಲಿರುವ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಒಂದೇ ಸಮ ಹೋಗುತ್ತೆ. ಕಾಲಿನ ಪೆಡಲ್ ಮಾಸ್ಟರ್ ಸಿಲಿಂಡರಿನೊಳಗಿನ ಪಿಸ್ಟನ್ ತಳ್ಳುತ್ತೆ, ಆಯಿಲ್ ಪೈಪ್‌ಗಳಲ್ಲಿ ಒತ್ತಿಕೊಂಡು ಹೋಗಿ ಚಕ್ರದ ಹತ್ತಿರದ ವೀಲ್ ಸಿಲಿಂಡರ್ ತಳ್ಳುತ್ತೆ, ಅದು ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಅದುಮುತ್ತೆ. ನಿಮ್ಮ ಬೈಕಿಗೆ ಮುಂದೆ ಡಿಸ್ಕ್ ಇದ್ದರೆ, ಹ್ಯಾಂಡಲ್ ಮೇಲೆ ಬಲಗೈ ಹತ್ತಿರ ಪುಟ್ಟ ಡಬ್ಬಿ ಇರುತ್ತಲ್ಲ, ಅದರ ಪಕ್ಕದಲ್ಲೇ ಇರೋದು ಇದೇ ಮಾಸ್ಟರ್ ಸಿಲಿಂಡರ್.

ಇದಕ್ಕೂ ಮುಂಚೆ ಕಾರುಗಳಿಗೆ ಇದ್ದದ್ದು ಸರಳು ಮತ್ತು ಕೇಬಲ್‌ಗಳ ಬ್ರೇಕ್. ನಾಲ್ಕೂ ಚಕ್ರ ಒಂದೇ ಸಮ ಹಿಡಿಯುವ ಹಾಗೆ ಅಡ್ಜಸ್ಟ್ ಮಾಡೋದೇ ದೊಡ್ಡ ತಲೆನೋವು. ಒಂದು ಬಿಗಿ, ಒಂದು ಸಡಿಲ. ಬ್ರೇಕ್ ಒತ್ತಿದರೆ ಕಾರು ಪಕ್ಕಕ್ಕೆ ಎಳೆಯುತ್ತಿತ್ತು. ಆಯಿಲ್‌ಗೆ ಆ ಪಕ್ಷಪಾತ ಇಲ್ಲ. ಈ ಪದ್ಧತಿಗೆ ಅಮೆರಿಕದಲ್ಲಿ ಪೇಟೆಂಟ್ ಪಡೆದವನು ಮಾಲ್ಕಂ ಲಾಕ್‌ಹೀಡ್. ಹೌದು, ಯುದ್ಧವಿಮಾನಗಳ ಲಾಕ್‌ಹೀಡ್ ಕಂಪನಿ ಶುರುಮಾಡಿದ ಅಣ್ಣತಮ್ಮಂದಿರಲ್ಲಿ ಒಬ್ಬ. 1921ರ ಡ್ಯೂಸೆನ್‌ಬರ್ಗ್ ಮಾಡೆಲ್ ಎ ಕಾರಿಗೆ ನಾಲ್ಕೂ ಚಕ್ರಕ್ಕೆ ಹೈಡ್ರಾಲಿಕ್ ಬ್ರೇಕ್ ಬಂತು. 1924ರಲ್ಲಿ ಕ್ರೈಸ್ಲರ್ ಅದನ್ನು ಸುಧಾರಿಸಿ, ಸಾಮಾನ್ಯ ಶ್ರೀಮಂತರೂ ಕೊಳ್ಳಬಹುದಾದ ಕಾರಿಗೆ ತಂದಿತು. ಹೆನ್ರಿ ಫೋರ್ಡ್ ಮಾತ್ರ 1939ರ ಮಾಡೆಲ್‌ವರೆಗೂ ಒಪ್ಪಲಿಲ್ಲ.

ಫೋರ್ಡ್ ಹಟಮಾರಿ ಅಂತ ಎಲ್ಲರೂ ನಗ್ತಾರೆ. ಆದರೆ ಆ ಹಟದೊಳಗೆ ಒಂದು ನ್ಯಾಯವಾದ ಪ್ರಶ್ನೆ ಇದೆ ಅಂತ ನನಗನಿಸುತ್ತೆ. ಒಂದು ಕೇಬಲ್ ಕಡಿದರೆ ಒಂದು ಚಕ್ರದ ಬ್ರೇಕ್ ಹೋಗುತ್ತೆ. ಆಯಿಲ್ ಸೋರಿದರೆ?

3/7
ಆಯಿಲ್ ಸೋರಿದರೆ ನಾಲ್ಕೂ ಹೋಗುತ್ತೆ. ಇದಿಷ್ಟೇ ವಿಷಯ.

ಒಂದೇ ಸರ್ಕ್ಯೂಟಿನ ಬ್ರೇಕಿನಲ್ಲಿ ನಾಲ್ಕೂ ಚಕ್ರದ ಪೈಪ್‌ಗಳು ಒಳಗಿಂದ ಒಂದಕ್ಕೊಂದು ಸೇರಿಕೊಂಡಿರುತ್ತವೆ. ಹಿಂದಿನ ಎಡಚಕ್ರದ ಹತ್ತಿರ ಪೈಪ್ ತುಕ್ಕು ಹಿಡಿದು ಒಡೆದರೆ, ಪೆಡಲ್ ಒತ್ತಿದಾಗ ಆಯಿಲ್ ಮುಂದಿನ ಚಕ್ರಕ್ಕೆ ಹೋಗಿ ಕಷ್ಟಪಡಲ್ಲ, ಸುಲಭದ ದಾರಿ ಹಿಡಿದು ರಸ್ತೆಗೆ ಸುರಿಯುತ್ತೆ. ಪೆಡಲ್ ಹೋಗಿ ನೆಲ ಮುಟ್ಟುತ್ತೆ. ಉಳಿಯೋದು ಹ್ಯಾಂಡ್‌ಬ್ರೇಕ್ ಒಂದೇ, ಯಾಕಂದ್ರೆ ಅದು ಕೇಬಲ್ ಮೇಲೆ ನಡೆಯೋದು. ಮಿನಿಯಲ್ಲಿ ಅದೂ ಹಿಂದಿನ ಎರಡು ಚಕ್ರಕ್ಕೆ ಮಾತ್ರ.

ಹಿಂದಿನ ಚಕ್ರದ ಬ್ರೇಕ್ ಮಿನಿಯಲ್ಲಿ ಎಷ್ಟು ಉಪಯೋಗ ಅಂತ ತಿಳಿಯೋಕೆ ಆ ಕಾರಿನ ಹುಟ್ಟು ನೋಡಬೇಕು. 1956ರ ಸೂಯೆಜ್ ಬಿಕ್ಕಟ್ಟಿನಿಂದ ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ರೇಷನ್ ಬಂತು. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್, ಅಂದ್ರೆ ಬಿಎಂಸಿಯ ಮುಖ್ಯಸ್ಥ ಲಿಯೊನಾರ್ಡ್ ಲಾರ್ಡ್ ಒಂದು ಪುಟ್ಟ ಕಾರ್ ಬೇಕು ಅಂದ. ಅಲೆಕ್ ಇಸಿಗೋನಿಸ್ ಇಂಜಿನನ್ನು ಅಡ್ಡಕ್ಕೆ ತಿರುಗಿಸಿ ಮುಂದೆ ಕೂರಿಸಿದ, ಮುಂದಿನ ಚಕ್ರಗಳಿಂದಲೇ ಓಡಿಸಿದ, ಚಕ್ರದ ರಿಮ್ಮನ್ನು 10 ಇಂಚಿಗೆ ಇಳಿಸಿದ. ಸುಮಾರು 3 ಮೀಟರ್ ಉದ್ದದಲ್ಲಿ ನಾಲ್ಕು ಜನಕ್ಕೆ ಜಾಗ! ಆದರೆ ಭಾರವೆಲ್ಲ ಮುಂದೆ. ಬ್ರೇಕ್ ಹಾಕಿದಾಗ ಅದು ಇನ್ನೂ ಮುಂದಕ್ಕೆ ವಾಲುತ್ತೆ, ಹಿಂದಿನ ಚಕ್ರ ಹಗುರಾಗಿ ಲಾಕ್ ಆಗಿ ಜಾರುತ್ತೆ. ಅದಕ್ಕೇ ಹಿಂದಿನ ಪೈಪಿಗೆ ಒತ್ತಡ ಮಿತಿ ಮಾಡುವ ಒಂದು ವಾಲ್ವ್ ಮೊದಲಿನಿಂದಲೂ ಇತ್ತು, ಬ್ಯಾಟರಿಯನ್ನು ಡಿಕ್ಕಿಯಲ್ಲಿ ಇಟ್ಟಿದ್ದರು. ಹಾಗಾಗಿ ನಿಲ್ಲಿಸುವ ಕೆಲಸ ಬಹುಪಾಲು ಮುಂದಿನ ಎರಡು ಡ್ರಮ್ಮುಗಳದ್ದೇ. 10 ಇಂಚಿನ ರಿಮ್ಮಿನೊಳಗೆ ಹಿಡಿಸಿದ್ದು 7 ಇಂಚಿನ ಡ್ರಮ್. ಮಿನಿಯ ಬ್ರೇಕಿನ ಮುಂದಿನ ಇತಿಹಾಸವನ್ನೆಲ್ಲ ಈ ಪುಟ್ಟ ಚಕ್ರವೇ ಬರೆಯಿತು ಅಂದರೂ ತಪ್ಪಿಲ್ಲ.

4/7
ಈಗ ಎಲ್ಲರಿಗೂ ಇಷ್ಟವಾಗುವ ಭಾಗ.

ಜಾನ್ ಕೂಪರ್ ಅವರ ಕಂಪನಿ ಕಟ್ಟಿದ ರೇಸ್ ಕಾರಿನಲ್ಲಿ ಜ್ಯಾಕ್ ಬ್ರಾಭಮ್ 1959 ಮತ್ತು 1960ರಲ್ಲಿ ಫಾರ್ಮುಲಾ 1 ವಿಶ್ವ ಚಾಂಪಿಯನ್ ಆದರು. ಅದೇ ಜಾನ್ ಕೂಪರ್ ಮಿನಿಯನ್ನು ನೋಡಿ, ಇದಕ್ಕೆ ಇನ್ನೂ ಜೋರಾದ ಇಂಜಿನ್ ಹಾಕೋಣ ಅಂದರು. 1961ರಲ್ಲಿ ಮಿನಿ ಕೂಪರ್ ಬಂತು. 997 ಸಿಸಿ, 55 ಅಶ್ವಶಕ್ತಿ, ಮುಂದೆ ಲಾಕ್‌ಹೀಡ್ ಡಿಸ್ಕ್ ಬ್ರೇಕ್.

ಡಿಸ್ಕ್ ಯಾಕೆ? ಡ್ರಮ್ ಬಿಸಿಯಾದಾಗ ಹಿಗ್ಗಿ ಶೂಗಳಿಂದ ದೂರ ಹೋಗುತ್ತೆ, ಬಿಸಿ ಒಳಗೇ ಉಳಿಯುತ್ತೆ, ಲೈನರ್ ಹಿಡಿತ ಬಿಡುತ್ತೆ. ಡಿಸ್ಕ್ ಗಾಳಿಗೆ ತೆರೆದಿರುತ್ತೆ. 1953ರಲ್ಲಿ ಲ ಮಾನ್ 24 ಗಂಟೆ ರೇಸನ್ನು ಜಾಗ್ವಾರ್ ಸಿ-ಟೈಪ್ ಡನ್‌ಲಪ್ ಡಿಸ್ಕ್ ಬ್ರೇಕ್ ಹಾಕಿಕೊಂಡು ಗೆದ್ದ ಮೇಲೆ ಯಾರಿಗೂ ಅನುಮಾನ ಉಳಿದಿರಲಿಲ್ಲ. ಆದರೆ ಕೂಪರಿಗೆ ಸಿಕ್ಕಿದ್ದು 7 ಇಂಚಿನ ಡಿಸ್ಕ್. ಅದೇ 10 ಇಂಚಿನ ರಿಮ್ ಅಲ್ವಾ, ಇನ್ನೇನು ಹಿಡಿಸುತ್ತೆ? ಡ್ರಮ್ಮಿಗಿಂತ ಅಂಥ ಮೇಲೇನೂ ಅಲ್ಲ ಅನ್ನೋದು ಈ ಕಾರು ಬಲ್ಲವರ ಸಾಮಾನ್ಯ ಮಾತು. 1963ರ ಕೂಪರ್ ಎಸ್‌ಗೆ ಡಿಸ್ಕ್ 7.5 ಇಂಚು ಆಯಿತು, ಜೊತೆಗೆ ಸರ್ವೋ ಬಂತು. ಸರ್ವೋ ಅಂದ್ರೆ ಇಂಜಿನ್ ಎಳೆಯುವ ನಿರ್ವಾತವನ್ನು ಬಳಸಿ ಕಾಲಿನ ಒತ್ತನ್ನು ಹೆಚ್ಚಿಸುವ ಡಬ್ಬ.

1964ರಲ್ಲಿ ಪ್ಯಾಡಿ ಹಾಪ್‌ಕರ್ಕ್ ಮಾಂಟೆ ಕಾರ್ಲೋ ಗೆದ್ದದ್ದು ಇಂಥದ್ದೇ ಕಾರಿನಲ್ಲಿ. ಅದೇ ವರ್ಷ ಡ್ರಮ್ ಇದ್ದ ಸಾಮಾನ್ಯ ಮಿನಿಗೂ ಮುಂದಿನ ಬ್ರೇಕ್ ಸುಧಾರಿಸಿತು. ಎರಡೂ ಶೂ ಚಕ್ರ ತಿರುಗುವ ದಿಕ್ಕಿನಲ್ಲೇ ಕಚ್ಚಿಕೊಳ್ಳುವ ಜೋಡಣೆ ಬಂತು.

ಗಮನಿಸಿದ್ರಾ? ಇಲ್ಲಿವರೆಗಿನ ಅಪ್‌ಗ್ರೇಡ್ ಎಲ್ಲ ‘ಎಷ್ಟು ಜೋರಾಗಿ ನಿಲ್ಲುತ್ತೆ’ ಅನ್ನೋದಕ್ಕೆ. ‘ಪೈಪ್ ಒಡೆದರೆ ನಿಲ್ಲುತ್ತಾ’ ಅನ್ನೋ ಪ್ರಶ್ನೆಗೆ ಯಾರೂ ಕೈ ಹಾಕಿರಲಿಲ್ಲ.

5/7
ಹಾಗಂತ ಉತ್ತರ ಯಾರಿಗೂ ಗೊತ್ತಿರಲಿಲ್ಲ ಅಂತಲ್ಲ. ಉತ್ತರದ ಹೆಸರು ಟ್ಯಾಂಡಮ್ ಮಾಸ್ಟರ್ ಸಿಲಿಂಡರ್.

ಒಂದೇ ಕೊಳವೆಯೊಳಗೆ ಒಂದರ ಮುಂದೆ ಒಂದು ಎರಡು ಪಿಸ್ಟನ್, ಎರಡು ಕೋಣೆ, ಎರಡು ಬೇರೆ ಬೇರೆ ಪೈಪ್. ಒಂದು ಕೋಣೆಯ ಆಯಿಲ್ ಪೂರ್ತಿ ಹೋದರೂ ಪೆಡಲ್ ಸ್ವಲ್ಪ ಆಳಕ್ಕೆ ಇಳಿದು ಇನ್ನೊಂದು ಕೋಣೆಯಲ್ಲಿ ಒತ್ತಡ ಹುಟ್ಟಿಸುತ್ತೆ. ಕಾರು ನಿಲ್ಲೋಕೆ ಜಾಸ್ತಿ ದೂರ ಬೇಕು, ಆದರೆ ನಿಲ್ಲುತ್ತೆ.

ಅಮೆರಿಕದಲ್ಲಿ ಕ್ಯಾಡಿಲಾಕ್ 1962ರ ಮಾಡೆಲ್‌ಗಳಿಗೆ ಇದನ್ನು ಹಾಕಿತು. ಸ್ವೀಡನ್ನಿನ ಸಾಬ್ ತನ್ನ ಪುಟ್ಟ 96 ಕಾರಿಗೆ 1964ರ ಮಾಡೆಲ್‌ನಿಂದ ಕೊಟ್ಟಿತು, ಅದೂ ಕರ್ಣದ ಹಂಚಿಕೆಯಲ್ಲಿ: ಮುಂದಿನ ಎಡ ಮತ್ತು ಹಿಂದಿನ ಬಲ ಒಂದು ಗುಂಪು, ಉಳಿದೆರಡು ಇನ್ನೊಂದು. ಯಾವ ಗುಂಪು ಹೋದರೂ ಮುಂದಿನ ಒಂದು ಚಕ್ರದ ಬ್ರೇಕ್ ಉಳಿಯುತ್ತೆ. 1966ರಲ್ಲಿ ಬಂದ ವೋಲ್ವೋ 140 ಇನ್ನೊಂದು ಹೆಜ್ಜೆ ಮುಂದೆ. ಎರಡು ಸರ್ಕ್ಯೂಟ್‌ನಲ್ಲಿ ಪ್ರತಿಯೊಂದೂ ಮುಂದಿನ ಎರಡೂ ಚಕ್ರ ಮತ್ತು ಹಿಂದಿನ ಒಂದು ಚಕ್ರವನ್ನು ನೋಡಿಕೊಳ್ಳುತ್ತಿತ್ತು. ಸಾಬ್ 96 ಕೂಡ ಮಿನಿ ಥರಾನೇ ಮುಂಚಕ್ರದಿಂದ ಓಡುವ ಚಿಕ್ಕ ಕಾರು ಅನ್ನೋದು ನೆನಪಿರಲಿ. ಚಿಕ್ಕ ಕಾರಿಗೆ ಇದೆಲ್ಲ ಆಗಲ್ಲ ಅನ್ನೋ ಮಾತಿಗೆ ಅರ್ಥ ಇರಲಿಲ್ಲ.

ಆಮೇಲೆ ಕಾನೂನು ಬಂತು. 1968ರ ಜನವರಿ 1ರಿಂದ ಅಮೆರಿಕದಲ್ಲಿ ಮಾರಾಟಕ್ಕೆ ತಯಾರಾಗುವ ಕಾರುಗಳಿಗೆ ಬೇರೆ ಬೇರೆ ಎರಡು ಸರ್ಕ್ಯೂಟ್ ಕಡ್ಡಾಯವಾಯಿತು. ಹೊಸ ಸುರಕ್ಷತೆ ಮತ್ತು ಹೊಗೆಯ ನಿಯಮಗಳು ಒಟ್ಟಿಗೆ ಎದುರಾದಾಗ ಬಿಎಂಸಿ ಅಲ್ಲಿ ಮಿನಿ ಮಾರೋದನ್ನೇ ನಿಲ್ಲಿಸಿತು. ಅದೇ ಬಿಎಂಸಿ ತನ್ನ ಸ್ಪೋರ್ಟ್ಸ್ ಕಾರ್ ಎಂಜಿಬಿಯನ್ನು ಮಾತ್ರ ಅಮೆರಿಕಕ್ಕೆಂದೇ ಎರಡು ಸರ್ಕ್ಯೂಟ್ ಹಾಕಿ ಕಳಿಸಿತು. ಬ್ರಿಟನ್ನಿನ ಗಿರಾಕಿಗೆ 1970ರ ದಶಕದಲ್ಲೂ ಸಿಗುತ್ತಿದ್ದದ್ದು ಒಂದೇ ಸರ್ಕ್ಯೂಟಿನ ಎಂಜಿಬಿ.

ಈ ಇಡೀ ಸರಣಿಯಲ್ಲಿ ನನಗೆ ಸಿಟ್ಟು ಬಂದ ಜಾಗ ಇದು. ಮಾಡೋಕೆ ಗೊತ್ತಿತ್ತು, ಅದೇ ಕಂಪನಿ ಮಾಡುತ್ತಲೂ ಇತ್ತು. ಕಾನೂನು ಕೇಳಿದ ಕಡೆ ಮಾತ್ರ.

6/7
ಬ್ರಿಟನ್ ಸರ್ಕಾರ ಏನೂ ಮಾಡಲಿಲ್ಲ ಅಂತ ಹೇಳೋಕಾಗಲ್ಲ. 1960ರಲ್ಲಿ ಸಾರಿಗೆ ಸಚಿವ ಅರ್ನೆಸ್ಟ್ ಮಾರ್ಪಲ್ಸ್ ಕಾಲದಲ್ಲಿ, ಹತ್ತು ವರ್ಷ ದಾಟಿದ ಕಾರುಗಳ ಬ್ರೇಕ್, ದೀಪ, ಸ್ಟಿಯರಿಂಗ್ ಪರೀಕ್ಷೆ ಶುರುವಾಯಿತು. ನಮ್ಮ ಎಫ್‌ಸಿ ಇದ್ದ ಹಾಗೆ. ಅಲ್ಲಿನ ಚಳಿಗಾಲದಲ್ಲಿ ಹಿಮ ಕರಗಿಸೋಕೆ ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಕಾರಿನ ಅಡಿಗೆ ಸಿಡಿದು ಉಕ್ಕಿನ ಪೈಪನ್ನು ಹೊರಗಿಂದ ತಿನ್ನುತ್ತೆ. ಪರೀಕ್ಷೆ ಅದನ್ನು ಹಿಡಿಯಬಲ್ಲದು. ಆದರೆ ಪರೀಕ್ಷೆ ವರ್ಷಕ್ಕೊಮ್ಮೆ, ಎರಡನೇ ಸರ್ಕ್ಯೂಟ್ ದಿನಾ.

ಬ್ರಿಟನ್ನಿನ ಮಿನಿಗಳಲ್ಲಿ ಟ್ಯಾಂಡಮ್ ಮಾಸ್ಟರ್ ಸಿಲಿಂಡರ್ ಮಾಮೂಲಾಗಿದ್ದು 1970ರ ದಶಕದ ಉತ್ತರಾರ್ಧದಲ್ಲಿ. ಡಿಸ್ಕ್ ವಿಷಯದಲ್ಲೂ ತಡವೇ. 1974ರಲ್ಲಿ 1275 ಜಿಟಿ ಮಾಡೆಲ್‌ಗೆ 12 ಇಂಚಿನ ಚಕ್ರ ಮತ್ತು 8.4 ಇಂಚಿನ ಡಿಸ್ಕ್ ಬಂತು. ಉಳಿದ ಮಿನಿಗಳಿಗೆಲ್ಲ ಅದು ಸಿಕ್ಕಿದ್ದು 1984ರಲ್ಲಿ. ಕಾರಿಗೆ ಆಗಲೇ 25 ವರ್ಷ! ಇಸಿಗೋನಿಸ್ ಜಾಗ ಉಳಿಸಲು ಇಳಿಸಿದ್ದ ರಿಮ್ಮನ್ನು ಕೊನೆಗೆ ಬ್ರೇಕಿಗಾಗಿ ದೊಡ್ಡದು ಮಾಡಬೇಕಾಯಿತು. ಕೊನೆಯ ಮಿನಿ ಫ್ಯಾಕ್ಟರಿಯಿಂದ ಹೊರಬಂದದ್ದು 2000ದ ಅಕ್ಟೋಬರ್ 4ರಂದು. ಒಟ್ಟು 53 ಲಕ್ಷಕ್ಕೂ ಹೆಚ್ಚು ಕಾರುಗಳು.

7/7
ಈಗಲೂ ಹಳೆ ಮಿನಿ ಇಟ್ಟುಕೊಂಡವರು ಬ್ರೇಕ್ ಅಪ್‌ಗ್ರೇಡ್ ಮಾಡ್ತಾನೇ ಇದ್ದಾರೆ. ಮಜಾ ಏನಂದ್ರೆ ಬಹಳ ಜನ ಕಂಪನಿ ಹಿಡಿದ ಕ್ರಮವನ್ನೇ ಹಿಡೀತಾರೆ. ಮೊದಲು ದೊಡ್ಡ ಡಿಸ್ಕ್, ಹೊಳೆಯುವ ಕ್ಯಾಲಿಪರ್, ಆಮೇಲೆ ಸರ್ವೋ. ಫೋಟೋದಲ್ಲಿ ಕಾಣೋದು ಅದೇ ಅಲ್ವಾ! ಬಾನೆಟ್ ಒಳಗಿನ ಮಾಸ್ಟರ್ ಸಿಲಿಂಡರ್ ಯಾರ ಕಣ್ಣಿಗೂ ಬೀಳಲ್ಲ.

ಆದರೆ ಹೈಡ್ರಾಲಿಕ್ಸ್‌ನಲ್ಲಿ ಒಂದು ಸಾಮಾನು ಮುಟ್ಟಿದರೆ ಉಳಿದವೂ ಅಲುಗಾಡುತ್ತವೆ. ದೊಡ್ಡ ಕ್ಯಾಲಿಪರಿಗೆ ಹೆಚ್ಚು ಆಯಿಲ್ ಬೇಕು, ಹಾಗಾಗಿ ಪೆಡಲ್ ಆಳಕ್ಕೆ ಹೋಗುತ್ತೆ. ಅದಕ್ಕೆ ದಪ್ಪ ಮಾಸ್ಟರ್ ಸಿಲಿಂಡರ್ ಹಾಕೋಣ ಅಂದ್ರೆ ಕಾಲಿಗೆ ಭಾರ. ಲೆಕ್ಕ ನೋಡಿ: ಪಿಸ್ಟನ್ ವ್ಯಾಸ 0.70 ಇಂಚಿನಿಂದ 0.75 ಇಂಚಿಗೆ ಹೋದರೆ ವಿಸ್ತೀರ್ಣ ಸುಮಾರು ಶೇ. 15 ಹೆಚ್ಚುತ್ತೆ. ಪೆಡಲ್ ಕಡಿಮೆ ಇಳಿಯುತ್ತೆ, ಆದರೆ ಅಷ್ಟೇ ಒತ್ತಡ ಬೇಕಂದ್ರೆ ಕಾಲಿನ ಬಲವನ್ನೂ ಶೇ. 15 ಹೆಚ್ಚು ಹಾಕಬೇಕು. ಕೇಳೋಕೆ ಸಣ್ಣದು ಅನಿಸಬಹುದು, ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ಒತ್ತಿದರೆ ಗೊತ್ತಾಗುತ್ತೆ. ಮುಂದಿನ ಬ್ರೇಕ್ ಬದಲಾದರೆ ಹಿಂದಿನ ವಾಲ್ವಿನ ಹೊಂದಾಣಿಕೆಯನ್ನೂ ಮತ್ತೆ ನೋಡಬೇಕು.

ಇಷ್ಟೆಲ್ಲ ಮಾಡಿ ಹಳೇ ಆಯಿಲನ್ನೇ ಬಿಟ್ಟರೆ ಕೆಲಸ ಕೆಟ್ಟ ಹಾಗೆ. ಮಾಮೂಲಿ ಡಾಟ್ 3, ಡಾಟ್ 4 ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ತೇವ ಹೀರಿದ ಮೇಲೆ ಆ ಮಟ್ಟ 155 ಡಿಗ್ರಿಗೆ ಇಳಿಯುತ್ತೆ. ಕುದಿದರೆ ಪೈಪಿನಲ್ಲಿ ಆವಿ. ಆವಿ ಅಮುಕಿಕೊಳ್ಳುತ್ತೆ, ಆಯಿಲ್ ಥರ ತಳ್ಳಲ್ಲ. ಮತ್ತೆ ಪೆಡಲ್ ನೆಲಕ್ಕೆ, ಈ ಸಲ ಎಲ್ಲೂ ಸೋರದೇನೇ. ಬೈಕಿನವರೂ ಇದನ್ನೊಂದು ಸಲ ಓದ್ಕೊಳ್ಳಿ.

ಅಪ್‌ಗ್ರೇಡ್ ಮಾಡೋರಿಗೆ ತುಂಬಾ ಇಷ್ಟವಾದ ಸಾಮಾನು ಅಂದ್ರೆ ಆಸ್ಟಿನ್ ಮೆಟ್ರೋದ ನಾಲ್ಕು ಪಿಸ್ಟನ್ ಕ್ಯಾಲಿಪರ್. ಮೆಟ್ರೋ 1980ರಲ್ಲಿ ಬಂದ, ಮಿನಿಯ ಜಾಗ ತುಂಬಬೇಕಿದ್ದ ಕಾರು. ಅದರ ಡಿಸ್ಕ್ 8.4 ಇಂಚು, ಹಾಗಾಗಿ 12 ಇಂಚಿನ ರಿಮ್ ಇದ್ದರೆ ಮಾತ್ರ ಕೂರುತ್ತೆ. ಮೆಟ್ರೋದಲ್ಲಿ ಒಂದೊಂದು ಕ್ಯಾಲಿಪರಿಗೂ ಎರಡೆರಡು ಪೈಪ್ ಇದ್ದವು. ಒಂದು ಸರ್ಕ್ಯೂಟ್ ಹೋದರೂ ಮುಂದಿನ ಎರಡೂ ಚಕ್ರದಲ್ಲಿ ತಲಾ ಎರಡು ಪಿಸ್ಟನ್ ಕೆಲಸ ಮಾಡಲಿ ಅಂತ. ಮಿನಿಯಲ್ಲಿ ಅಷ್ಟು ಪೈಪ್ ಇಲ್ಲದ್ದರಿಂದ, ಹಾಕುವಾಗ ಕ್ಯಾಲಿಪರಿನ ಎರಡು ದಾರಿಯನ್ನೂ ಸೇರಿಸಿ ಒಂದೇ ಮಾಡ್ತಾರೆ.

#ಮಿನಿ #ಬ್ರೇಕ್‌ಇತಿಹಾಸ #ಹಳೆಕಾರು #ಕನ್ನಡದಲ್ಲಿ_ಆಟೋ