ಬೆಂಗಳೂರು ಸೀಮೆಯ ಸೌದೆ ಡಿಪೋಗಳು: ಒಂದು ಚಾರಿತ್ರಿಕ ಅವಲೋಕನ

ಶತಮಾನೋತ್ಸವದ ಸ್ಮರಣ ಸಂಚಿಕೆಯೆಂದ ಮೇಲೆ ಅದರಲ್ಲಿ ದೇವಾಲಯದ ಅಡಿಗಲ್ಲು, ಗಂಟೆಗೋಪುರ, ಸೇವೆ ಸಲ್ಲಿಸಿ ಹೋದ ಗುರುಗಳ ವಿವರ, ಇವೆಲ್ಲ ಇರತಕ್ಕದ್ದು ಸಹಜ. ಅವುಗಳನ್ನು ಬಲ್ಲವರು ಬೇರೆ ಪುಟಗಳಲ್ಲಿ ಬರೆದಿದ್ದಾರೆ. ನಾವು ಇಲ್ಲಿ ಎತ್ತಿಕೊಂಡಿರುವ ವಿಷಯ ಅಷ್ಟು ದೊಡ್ಡದಲ್ಲ. ಈ ನೂರು ವರ್ಷಗಳ ಬಹುಭಾಗ ನಮ್ಮ ಜನರ ಮನೆಗಳಲ್ಲಿ ಅನ್ನವನ್ನು ಬೇಯಿಸಿದ್ದು ಸೌದೆ. ಆ ಸೌದೆಯನ್ನು ಕಡಿದು, ಸೀಳಿ, ತೂಗಿ ಮಾರಿದ ಸಣ್ಣ ವ್ಯಾಪಾರಿಗಳ ಹೆಸರು ಯಾವ ಶಿಲಾಫಲಕದ ಮೇಲೂ ಇಲ್ಲ. ಅವರ ಕಸುಬಿನ ಚರಿತ್ರೆಯನ್ನು ಸಂಕ್ಷೇಪವಾಗಿಯಾದರೂ ದಾಖಲಿಸುವುದು ನಮ್ಮ ಉದ್ದೇಶ.

ಸೌದೆಯು ಸರಕಾದ ಬಗೆ

ಹಳ್ಳಿಯಲ್ಲಿ ಸೌದೆಗೆ ಬೆಲೆಯಿರಲಿಲ್ಲ, ಶ್ರಮ ಮಾತ್ರವಿತ್ತು. ಬೇಲಿಯ ಮುಳ್ಳುಕಂಟಿ, ಹೊಲದ ಬದುವಿನ ಒಣಕೊಂಬೆ, ತೆಂಗಿನ ಗರಿ, ಪುಳ್ಳೆ ಇವನ್ನು ಆಯ್ದು ತಂದರೆ ಒಲೆ ಉರಿಯುತ್ತಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದ ವಿಜ್ಞಾನಿಗಳು ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಗ್ರಾಮದಲ್ಲಿ ಲೆಕ್ಕ ತೆಗೆದರು. 357 ಜನರಿದ್ದ ಆ ಊರಿಗೆ ವರ್ಷಕ್ಕೆ 217 ಟನ್ ಸೌದೆ ಬೇಕಾಗುತ್ತಿತ್ತು. ಎಂದರೆ ತಲೆಗೆ ದಿನಕ್ಕೆ ಒಂದೂವರೆ ಕಿಲೋವಿಗೂ ಮಿಕ್ಕಿ. ಅದರಲ್ಲಿ ಕೊಂಡುತಂದದ್ದು ಅತ್ಯಲ್ಪ. ಮಿಕ್ಕುದೆಲ್ಲ ಮನೆಮಂದಿ ನಡೆದು ಹೋಗಿ ಆಯ್ದು ತಂದದ್ದೇ.

ಪಟ್ಟಣದವನಿಗೆ ಬದುವೂ ಇಲ್ಲ, ಬೇಲಿಯೂ ಇಲ್ಲ. 1809ರಲ್ಲಿ ಬ್ರಿಟಿಷ್ ದಂಡು ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಬಂದು ನೆಲೆಸಿದ ಮೇಲೆ ಪೇಟೆಯ ಜೊತೆಗೆ ದಂಡಿನ ಒಲೆಗಳೂ ಸೇರಿಕೊಂಡುವು. 1864ರಲ್ಲಿ ಜೋಲಾರಪೇಟೆಯಿಂದ ದಂಡುಪ್ರದೇಶಕ್ಕೆ ರೈಲು ಬಂದಿತು. ಮೈಸೂರು ಸಂಸ್ಥಾನದಲ್ಲಿ ಅರಣ್ಯ ಇಲಾಖೆ ಸ್ಥಾಪನೆಯಾದದ್ದೂ ಅದೇ ವರ್ಷ. ಆಗ ದಕ್ಷಿಣದ ರೈಲು ಎಂಜಿನ್ನುಗಳು ಸೌದೆಯನ್ನೂ ಉರಿಸುತ್ತಿದ್ದುವು. ಕೋಲಾರದ ಚಿನ್ನದ ಗಣಿಗಳ ಉಗಿಯಂತ್ರಗಳಿಗೂ ಸೌದೆ ಬೇಕಿತ್ತು. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ವಿದ್ಯುತ್ತು ಹರಿದ ಬಳಿಕ ಆ ಹಸಿವು ಕೊಂಚ ತಗ್ಗಿತು. ಆದರೆ ಬೆಳೆಯುತ್ತಿದ್ದ ನಗರದ ಹಸಿವು ತಗ್ಗಲಿಲ್ಲ. ಹೀಗೆ ಆಯ್ದು ತರುವ ವಸ್ತುವಾಗಿದ್ದ ಸೌದೆಯು ತೂಗಿ ಮಾರುವ ಸರಕಾಯಿತು. ಸೌದೆ ಡಿಪೋ ಎಂಬ ಅಂಗಡಿ ಬೀದಿಬೀದಿಗೂ ಹುಟ್ಟಿಕೊಂಡಿತು.

ಸರ್ವೆ ಮರದ ಆಗಮನ

ಈ ವ್ಯಾಪಾರಕ್ಕೆ ಬೆನ್ನೆಲುಬಾಗಿ ನಿಂತದ್ದು ಸರ್ವೆ ಮರ. ಇದು ಪರದೇಶದಿಂದ ಬಂದದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಅರಣ್ಯಾಧಿಕಾರಿಗಳು ಇದನ್ನು ಕರಾವಳಿಯ ಮರಳಿನಲ್ಲಿ ನೆಡಿಸಿದರು. ಇದರ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದುಕೊಡುವುದರಿಂದ ಬಡನೆಲದಲ್ಲೂ ಇದು ನೆಟ್ಟಗೆ ಬೆಳೆಯುತ್ತದೆ. ಬೆಂಗಳೂರು, ಕೋಲಾರ ಸೀಮೆಯ ರೈತರು ರಾಗಿ ಸರಿಯಾಗಿ ಏಳದ ಹೊಲದಲ್ಲಿ ಸರ್ವೆ ತೋಪು ಹಾಕಿದರು. ಐದಾರು ವರ್ಷಕ್ಕೆ ಕಡಿತಕ್ಕೆ ಬರುವ ಆ ತೋಪು ಮಗಳ ಮದುವೆಗೋ ಬಾವಿ ತೋಡುವುದಕ್ಕೋ ಕೈಗೆ ಬರುವ ಇಡುಗಂಟಾಗಿತ್ತು.

ಒಣಗಿದ ಸರ್ವೆಯ ಉರಿ ಬಲವಾದದ್ದು. ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಹಸಿಯಾಗಿದ್ದರೂ ಅದು ಹತ್ತಿಕೊಳ್ಳುತ್ತದೆ ಎಂಬುದು ಇನ್ನೊಂದು ಗುಣ. ಈ ಎರಡನೆಯ ಗುಣವೇ ವ್ಯಾಪಾರದಲ್ಲಿ ಒಂದು ಅವಗುಣಕ್ಕೆ ದಾರಿಮಾಡಿತೆಂಬುದನ್ನು ಮುಂದೆ ಹೇಳುತ್ತೇವೆ.

ಡಿಪೋದ ಒಳಗೆ

ಡಿಪೋ ಇಡಲು ದೊಡ್ಡ ಬಂಡವಾಳ ಬೇಕಿರಲಿಲ್ಲ. ಒಂದು ಬಯಲು ನಿವೇಶನ, ತಗಡಿನ ಚಪ್ಪರ, ಮೂರುಕಾಲಿನ ಕಂಬಕ್ಕೆ ತೂಗುಹಾಕಿದ ದೊಡ್ಡ ತಕ್ಕಡಿ, ಎರಡು ಮೂರು ಕೊಡಲಿ, ಬೆಣೆ, ಸುತ್ತಿಗೆ, ಇಷ್ಟಿದ್ದರೆ ಸಾಕು. ಮಾಲೀಕನು ತೋಪನ್ನು ಮರ ನಿಂತಿರುವಾಗಲೇ ನೋಡಿ, ಕಣ್ಣಂದಾಜಿನಲ್ಲಿ ಇಷ್ಟು ಗಾಡಿ ಆದೀತೆಂದು ಎಣಿಸಿ ಒಟ್ಟಿಗೆ ಬೆಲೆ ಕಟ್ಟುತ್ತಿದ್ದನು. ಇಲ್ಲವೇ ಕಡಿದು ತಂದ ಗಾಡಿಯನ್ನು ತೂಕದ ಮೇಲೆ ಕೊಳ್ಳುತ್ತಿದ್ದನು. ಮೊದಲು ಎತ್ತಿನ ಗಾಡಿ, ಆಮೇಲೆ ಲಾರಿ. ಡಿಪೋಗೆ ಬಂದ ದಿಮ್ಮಿಗಳನ್ನು ಮೊಳದುದ್ದಕ್ಕೆ ತುಂಡರಿಸಿ, ದಪ್ಪನಾದುದಕ್ಕೆ ಬೆಣೆ ಹೊಡೆದು ಸೀಳಿ, ಗಾಳಿಯಾಡುವಂತೆ ಅಡ್ಡಡ್ಡ ಪೇರಿಸುತ್ತಿದ್ದರು. ಸೌದೆ ಒಡೆಯುವವರು ದಿನಗೂಲಿಯ ಮೇಲೋ ತೂಕದ ಮೇಲೋ ದುಡಿಯುವ ಬಡವರು. ಕೊಡಲಿ ಜಾರಿ ಕಾಲ್ಬೆರಳು ಕಳೆದುಕೊಂಡವರನ್ನು ನಾವು ಬಲ್ಲೆವು. ಒಡೆಯುವಾಗ ಉದುರಿದ ಚಕ್ಕೆಯೂ ವ್ಯರ್ಥವಾಗುತ್ತಿರಲಿಲ್ಲ. ಬಚ್ಚಲೊಲೆಗೆ ಅದನ್ನು ಕುಕ್ಕೆಯ ಲೆಕ್ಕದಲ್ಲಿ ಮಾರುತ್ತಿದ್ದರು.

ತೂಕದ ವಿಚಾರ ಬಹು ಗೋಜಲಿನದು. ಹಳೆಯ ಮೈಸೂರಿನ ಕಚ್ಚಾ ಸೇರು 24 ತೊಲ. ಅಂಥ 40 ಸೇರಿಗೆ ಒಂದು ಮಣ, ಎಂದರೆ ಸುಮಾರು 11 ಕಿಲೋ. ಬ್ರಿಟಿಷರ ಮಣವಾದರೋ 80 ತೊಲದ 40 ಸೇರು, ಸುಮಾರು 37 ಕಿಲೋ. ಒಂದೇ ಮಾತಿಗೆ ಎರಡು ತೂಕ! 1956ರ ಕಾಯಿದೆಯ ಪ್ರಕಾರ ಮೆಟ್ರಿಕ್ ಪದ್ಧತಿ ಹಂತಹಂತವಾಗಿ ಜಾರಿಗೆ ಬಂದ ಮೇಲೆ ಈ ಗೊಂದಲ ತೀರಿತು. ಆದರೆ ಮುದುಕಿಯರು ಬಹುಕಾಲ ‘ಒಂದು ಮಣ ಕೊಡಪ್ಪ’ ಎಂದೇ ಕೇಳುತ್ತಿದ್ದರು.

ನೀರಿಗೆ ಕಾಸು ಕೊಟ್ಟವರಾರು?

ಕಲ್ಲು ಸರಿಯಾದರೂ ತೂಕ ಸರಿಯಾಗುವುದಿಲ್ಲವೆಂಬುದು ಸೌದೆ ವ್ಯಾಪಾರದ ಮರ್ಮ. ಆಗತಾನೆ ಕಡಿದ ಮರದ ತೂಕದಲ್ಲಿ ಹೆಚ್ಚುಕಡಮೆ ಅರ್ಧದಷ್ಟು ನೀರೇ ಇರುವುದುಂಟು. ಅಂಥ 100 ಕಿಲೋ ಹಸಿ ಸೌದೆಯನ್ನು ಕೊಂಡು, ನೀರಿನಂಶ ಐದನೆಯ ಒಂದು ಪಾಲಿಗೆ ಇಳಿಯುವವರೆಗೆ ಒಣಗಿಸಿದರೆ ಕೈಯಲ್ಲುಳಿಯುವುದು 62 ಕಿಲೋ ಚಿಲ್ಲರೆ. ಹೋದ 37 ಕಿಲೋ ಆವಿಯಾಯಿತು. ಅದಕ್ಕೆ ತೆತ್ತ ಹಣ ಮಾತ್ರ ಆವಿಯಾಗಲಿಲ್ಲ. ಪ್ರಾಮಾಣಿಕನಾದ ವ್ಯಾಪಾರಿ ಒಣ ಸೌದೆಯ ಬೆಲೆಯನ್ನು ಹಸಿಯ ಬೆಲೆಗಿಂತ ಒಂದೂವರೆ ಪಟ್ಟಿಗೂ ಮೇಲೆ ಇಡಲೇಬೇಕು. ತಿಂಗಳುಗಟ್ಟಲೆ ಸರಕನ್ನು ಕಾಯಲೇಬೇಕು. ಹಾಗೆ ಕಾಯಲು ಶಕ್ತಿಯಿಲ್ಲದವನು ಅಥವಾ ಮನಸ್ಸಿಲ್ಲದವನು ಹಸಿಯನ್ನೇ ತೂಗಿ ಕೊಡುವನು. ಕೊಂಡವನ ಒಲೆಯಲ್ಲಿ ಆ ಸೌದೆಯ ಶಾಖದ ಒಂದು ಪಾಲು ತನ್ನ ನೀರನ್ನು ತಾನೇ ಕಾಯಿಸುವುದರಲ್ಲಿ ಮುಗಿಯುತ್ತದೆ. ಕಿಲೋಗೆ ಕಿಲೋ ಹೋಲಿಸಿದರೆ ಹಸಿ ಸೌದೆ ಕೊಡುವ ಶಾಖ ಒಣಗಿದ್ದರ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಮಿಕ್ಕದ್ದು ಹೊಗೆ, ಕಣ್ಣೀರು, ಕೆಮ್ಮು.

ಈ ನಷ್ಟ ಯಾರ ಪಾಲಿಗೆ ಬರುತ್ತಿತ್ತು? ಅನುಕೂಲವಂತರು ಬೇಸಗೆಯಲ್ಲಿ ಗಾಡಿಗಟ್ಟಲೆ ಕೊಂಡು ಮನೆಯ ಹಿತ್ತಿಲಲ್ಲಿ ಪೇರಿಸಿಕೊಳ್ಳುತ್ತಿದ್ದರು. ದಿನಗೂಲಿಯವರಾದರೋ ಸಂಜೆ ಕೂಲಿ ಕೈಗೆ ಬಂದ ಮೇಲೆ ಎರಡು ಮೂರು ಕಿಲೋ ಕೊಳ್ಳುವವರು, ಮಳೆಗಾಲದಲ್ಲೂ ಅಷ್ಟೆ. ಅವರಿಗೆ ಆ ದಿನ ಡಿಪೋದಲ್ಲಿ ಏನಿದೆಯೋ ಅದೇ ಗತಿ. ಬೆಂಗಳೂರಿನ ಸೌದೆ ಬಳಕೆಯನ್ನು ಕುರಿತು ಪ್ರೊಫೆಸರ್ ಎ.ಕೆ.ಎನ್. ರೆಡ್ಡಿ ಮತ್ತು ಬಿ. ಸುಧಾಕರ ರೆಡ್ಡಿಯವರು 1983ರಲ್ಲಿ ಪ್ರಕಟಿಸಿದ ಅಧ್ಯಯನವು ಇಂಧನದ ಪ್ರಶ್ನೆಯನ್ನು ಸಮಾಜದ ಶ್ರೇಣಿಗಳ ಪ್ರಶ್ನೆಯಾಗಿಯೇ ನೋಡಿತು. ಅದು ಯುಕ್ತವಾದ ದೃಷ್ಟಿ.

ಇಲ್ಲಿ ನಮ್ಮದೇ ಒಂದು ಅನುಭವವನ್ನು ಮುಚ್ಚಿಡಲಾರೆವು. ನಾವು ಹೊಸದಾಗಿ ಗುರುದೀಕ್ಷೆ ಪಡೆದು ಸಹಾಯಕ ಗುರುವಾಗಿದ್ದ ಕಾಲದಲ್ಲಿ ಒಂದು ವಿದ್ಯಾರ್ಥಿನಿಲಯದ ಅಡುಗೆಮನೆಯ ಲೆಕ್ಕ ನಮ್ಮ ಪಾಲಿಗೆ ಬಂದಿತ್ತು. ಒಂದು ಜುಲೈ ತಿಂಗಳಲ್ಲಿ ಬಂದ ಸೌದೆ ಹಸಿಯಾಗಿತ್ತು. ನಾವು ಡಿಪೋಗೆ ಹೋಗಿ ಸಿಟ್ಟಾದೆವು. ಮಾಲೀಕನು ಎದ್ದು ನಿಂತು, “ಸ್ವಾಮಿ, ತಾವು ದಯವಿಟ್ಟು ಮಾರ್ಚಿನಲ್ಲೇ ದುಡ್ಡು ಕೊಡಿ, ತಮಗೆ ಕಡ್ಡಿಯಂಥ ಸೌದೆ ಇಡುತ್ತೇನೆ. ನೀರಿಗೆ ಕಾಸು ಕೊಟ್ಟು ತಂದವನು ನಾನು. ಅದನ್ನು ನಾನೊಬ್ಬನೇ ಹೊರಲೇ?” ಎಂದನು. ಮರುವರ್ಷ ಮುಂಗಡ ಕೊಟ್ಟೆವು. ಒಣ ಸೌದೆ ಬಂದಿತು. ಬಹಳ ಜಾಣತನ ಮಾಡಿದೆವೆಂದು ಹಿಗ್ಗಿದೆವು. ಆ ಮಳೆಗಾಲದಲ್ಲಿ ಪೂಜೆ ಮುಗಿಸಿ ಒಬ್ಬ ರೋಗಿಗೆ ಸತ್ಪ್ರಸಾದ ಕೊಡಲು ಹೋದಾಗ ಆ ಮನೆಯೊಳಗೆ ಹೊಗೆಯಿಂದ ಕಣ್ಣು ಬಿಡಲಾಗಲಿಲ್ಲ. ಒಲೆಯ ಮುಂದಿದ್ದ ತಾಯಿಯನ್ನು ಕೇಳಿದಾಗ ಆಕೆ ಅದೇ ಡಿಪೋದ ಹೆಸರು ಹೇಳಿದರು. ನಾವು ಹೊರಲೊಲ್ಲದ ನೀರು ಎಲ್ಲಿಗೆ ಹೋಗಿತ್ತೆಂಬುದು ಆಗ ತಿಳಿಯಿತು. ಪ್ರವಾದಿ ಆಮೋಸನು ಖಂಡಿಸಿದ ಮೋಸದ ತಕ್ಕಡಿಯ ಮೇಲೆ ನಾವು ಎಷ್ಟೋ ಪ್ರಬೋಧನೆ ಮಾಡಿದ್ದೆವು. ಮಾರುವವನ ಕೈ ಮಾತ್ರವಲ್ಲ, ಕೊಳ್ಳುವವನ ಕೈಯೂ ತಕ್ಕಡಿಯ ಮೇಲಿರುತ್ತದೆಂದು ಅದುವರೆಗೆ ತೋರಿರಲಿಲ್ಲ.

ಕಾಯಿದೆ, ನೀಲಗಿರಿ, ಗ್ಯಾಸು

1900ರ ಮೈಸೂರು ಅರಣ್ಯ ರೆಗ್ಯುಲೇಷನ್, 1963ರ ಅರಣ್ಯ ಕಾಯಿದೆ ಇವು ರಕ್ಷಿತಾರಣ್ಯದಿಂದ ಅನುಮತಿಯಿಲ್ಲದೆ ಸೌದೆ ತರುವುದನ್ನು ಅಪರಾಧವೆಂದುವು. ಕಾಡು ಉಳಿಯಬೇಕಾದರೆ ಕಟ್ಟಳೆ ಬೇಕು, ಸತ್ಯ. ಆದರೆ ತಲೆಹೊರೆ ಹೊತ್ತು ಬರುವ ಹೆಂಗಸಿಗೆ ಅಲ್ಲಿಂದ ಮುಂದೆ ಭಯವೂ ಒಂದು ಹೊರೆಯಾಯಿತು. 1976ರ ಮರಗಳ ಸಂರಕ್ಷಣಾ ಕಾಯಿದೆಯು ಖಾಸಗಿ ಜಮೀನಿನ ಮರ ಕಡಿಯಲೂ ಅಪ್ಪಣೆ ಬೇಕೆಂದಿತು. ಸರ್ವೆ, ನೀಲಗಿರಿ, ಸುಬಾಬುಲ್, ಸಿಲ್ವರ್ ಓಕ್ ಮೊದಲಾದುವಕ್ಕೆ ವಿನಾಯಿತಿ ದೊರೆಯಿತು. ಡಿಪೋದವನಿಗೆ ತೊಡಕಿಲ್ಲದ ಮರಗಳು ಇವೇ.

1980ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ನಡೆದ ಸಾಮಾಜಿಕ ಅರಣ್ಯ ಯೋಜನೆಯು ಜನರಿಗೆ ಸೌದೆ ಒದಗಿಸುವುದನ್ನೂ ತನ್ನ ಗುರಿಯೆಂದು ಹೇಳಿಕೊಂಡಿತ್ತು. ಕೋಲಾರ ಸೀಮೆಯ ಹೊಲಗಳಲ್ಲಿ ನೀಲಗಿರಿ ಹಬ್ಬಿತು. ಆದರೆ ಅದರಲ್ಲಿ ಬಹಳಷ್ಟು ಒಲೆಗೆ ಬರಲಿಲ್ಲ. ಹೆಚ್ಚಿನ ಬೆಲೆ ಕೊಡುವ ಕಾರ್ಖಾನೆಗಳ ತಿರುಳಿಗೂ, ಕಟ್ಟಡದ ಗಳುಗಳಿಗೂ ಹೋಯಿತು. ಕೊನೆಗೆ ಅಂತರ್ಜಲದ ಕಾರಣಕ್ಕಾಗಿ 2017ರಲ್ಲಿ ರಾಜ್ಯ ಸರ್ಕಾರವು ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಅಷ್ಟು ಹೊತ್ತಿಗೆ ಡಿಪೋಗಳ ಕಾಲ ಮುಗಿಯುತ್ತ ಬಂದಿತ್ತು. ಸೀಮೆಎಣ್ಣೆಯ ಸ್ಟೌವ್ ಮೊದಲು ಬಂದಿತು, ಗ್ಯಾಸು ಅದನ್ನು ಹಿಂಬಾಲಿಸಿತು. ಅನುಕೂಲವಂತರು ಮೊದಲು ಸೌದೆಯನ್ನು ಬಿಟ್ಟರು. ಬಡವರು ಕೊನೆಗೆ ಬಿಟ್ಟರು. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಬಡ ಹೆಂಗಸರ ಹೆಸರಿಗೂ ಗ್ಯಾಸು ಸಂಪರ್ಕ ದೊರೆಯಿತು. ಅದು ದೊಡ್ಡ ಉಪಕಾರ. ಆದರೂ ಸಿಲಿಂಡರಿನ ಬೆಲೆ ಒಮ್ಮೆಗೇ ಕೈಯಲ್ಲಿರಬೇಕು. ಎರಡು ಕಿಲೋ ಲೆಕ್ಕದಲ್ಲಿ ಕೊಳ್ಳುವವರಿಗೆ ಆ ಹಳೆಯ ಕಷ್ಟ ಹೊಸ ರೂಪದಲ್ಲಿ ಉಳಿದಿದೆ.

ನಗರದ ಡಿಪೋ ನಿವೇಶನಗಳ ಬೆಲೆ ಏರಿದ ಮೇಲೆ ಅವುಗಳಲ್ಲಿ ಬಹುಪಾಲು ಮಳಿಗೆಗಳೂ ಮನೆಗಳೂ ಆಗಿವೆ. ಉಳಿದ ಕೆಲವು ಬೇಕರಿಗೆ, ಮದುವೆಯ ಅಡುಗೆಗೆ, ಚಿತೆಗೆ ಸೌದೆ ಕೊಡುತ್ತಿವೆ. ರಾಮನಗರ, ಶಿಡ್ಲಘಟ್ಟಗಳಲ್ಲಿ ರೇಷ್ಮೆಗೂಡು ಬೇಯಿಸುವವರಿಗೂ, ಹುಣಸೂರು ಸೀಮೆಯಲ್ಲಿ ಹೊಗೆಸೊಪ್ಪು ಹದಮಾಡುವವರಿಗೂ ಅದು ಇನ್ನೂ ಬೇಕು.

ಸೌದೆಯ ಕಾಲವನ್ನು ಹೊಗಳಿ ಹಾಡುವುದು ನಮಗೆ ಇಷ್ಟವಿಲ್ಲ. ಆ ಹೊಗೆಯಲ್ಲಿ ಕಣ್ಣು ಮಂಜಾದ ತಾಯಂದಿರು ಇಂದೂ ನಮ್ಮ ನಡುವೆ ಇದ್ದಾರೆ. ಆದರೆ ಮಳೆಗಾಲಕ್ಕೆಂದು ಒಂದಿಷ್ಟು ಒಣ ಸೌದೆಯನ್ನು ಬೇರೆಯಾಗಿ ಪೇರಿಸಿಟ್ಟು, ಕೂಲಿಯವರಿಗೆ ಅದೇ ದರದಲ್ಲಿ ತೂಗಿಕೊಟ್ಟ ವ್ಯಾಪಾರಿಗಳೂ ನಮ್ಮ ಬೀದಿಯಲ್ಲಿದ್ದರು. ಅವರಲ್ಲಿ ಕ್ರೈಸ್ತರೂ ಇದ್ದರು, ಅಲ್ಲದವರೂ ಇದ್ದರು. ಯಾರೂ ಐಶ್ವರ್ಯವಂತರಾಗಿ ಸಾಯಲಿಲ್ಲ. ಶತಮಾನದ ಲೆಕ್ಕ ಮಾಡುವಾಗ ನಾವು ಕಟ್ಟಿದ ಗೋಡೆಗಳ ಜೊತೆಗೆ ಅವರು ಹೊತ್ತ ಆ 37 ಕಿಲೋವನ್ನೂ ಬರೆದಿಡುವುದು ನ್ಯಾಯ. ಅಂಥವರೆಲ್ಲರ ಆತ್ಮಕ್ಕೆ ನಿತ್ಯಶಾಂತಿ ದೊರೆಯಲಿ.