ನಮ್ಮ ಕಡೆ ರಾಜ ಹೋಗಿದ್ದು ಯಾವತ್ತು? (ನಮ್ಮೂರ ಚರಿತ್ರೆ, ಭಾಗ 6)

ಸೆಪ್ಟೆಂಬರ್ 17 ಬಂತಂದ್ರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಎಲ್ಲಾ ಕಡೆ ಧ್ವಜ ಹಾರಸ್ತೀವಿ. 1948ರ ಆ ದಿನ ಹೈದರಾಬಾದಿನ ನಿಜಾಮರು ಭಾರತದ ಸೇನೆ ಎದುರು ಕದನ ನಿಲ್ಲಿಸಿದ್ರು. ರಾಜ ಅವತ್ತೇ ಹೋದ ಅಂತ ಬಹಳ ಮಂದಿ ತಿಳ್ಕೊಂಡಾರ. ಆದ್ರೆ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಅದಾದ ಮೇಲೂ 8 ವರ್ಷ ಕುರ್ಚಿ ಮೇಲೆ ಇದ್ರು!

ಸ್ವಲ್ಪ ಹಿಂದಕ್ಕ ಹೋಗೋಣ. ಚಳವಳಿ ಶುರುವಾದಾಗ ಬೇಡಿಕೆ "ರಾಜ ಬೇಡ" ಅಂತ ಇರಲಿಲ್ಲ. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಕೇಳಿದ್ದು ನಿಜಾಮರ ಅಧೀನದಲ್ಲೇ ಜವಾಬ್ದಾರಿ ಸರ್ಕಾರ. ಅಂದ್ರೆ ರಾಜ ಇರಲಿ, ಆದ್ರೆ ಮಂತ್ರಿಗಳು ಜನ ಆರಿಸಿದ ಸಭೆಗೆ ಲೆಕ್ಕ ಕೊಡಲಿ. ಇಂಗ್ಲೆಂಡಿನಲ್ಲಿ ಇದ್ದ ಹಂಗೆ. ಇಷ್ಟಕ್ಕೇ ಆ ಪಕ್ಷವನ್ನ ಸ್ಥಾಪನೆ ಆಗೋಕೆ ಮೊದಲೇ ನಿಷೇಧ ಮಾಡಿದ್ರು. 1939ರಲ್ಲಿ ಸುಧಾರಣೆ ಘೋಷಣೆ ಆಯ್ತು, ಆದ್ರೆ ಮಂತ್ರಿಗಳು ಲೆಕ್ಕ ಕೊಡಬೇಕಾದದ್ದು ನಿಜಾಮರಿಗೇ.

ನಿಜಾಮರ ಪರ ಇದ್ದವರಿಗೂ ಒಂದು ವಾದ ಇತ್ತು. ತೆಲುಗು, ಮರಾಠಿ, ಕನ್ನಡ, ಉರ್ದು ಎಲ್ಲಾ ಇರೋ ರಾಜ್ಯ, ಇದನ್ನ ಕೂಡಿಸಿ ಇಟ್ಟಿರೋದು ಸಿಂಹಾಸನ ಅಂತ. ಸ್ವಂತ ನಾಣ್ಯ ಇತ್ತು, ಅಂಚೆ ಇತ್ತು, ವಾಡಿಯಿಂದ ಚಿತ್ತಾಪುರ, ಸೇಡಂ ದಾಟಿ ಸಿಕಂದರಾಬಾದಿಗೆ ಹೋಗೋ ಸ್ವಂತ ರೈಲೂ ಇತ್ತು.

1947ರ ಜೂನಿನಲ್ಲಿ ನಿಜಾಮರು ಫರ್ಮಾನು ಹೊರಡಿಸಿದ್ರು: ಬ್ರಿಟಿಷರು ಹೋದ ಮೇಲೆ ನಾನು ಸ್ವತಂತ್ರ ದೊರೆ. ಸ್ವಾಮಿ ರಮಾನಂದ ತೀರ್ಥರ ನೇತೃತ್ವದ ಸ್ಟೇಟ್ ಕಾಂಗ್ರೆಸ್ ಭಾರತಕ್ಕೆ ಸೇರಬೇಕು ಅಂತು. ಆಗಸ್ಟ್ 15ಕ್ಕೆ ಸ್ವಾಮೀಜಿ ಬಂಧನ. ಆಮೇಲೆ ರಜಾಕಾರರ ಹಾವಳಿ. 1948ರ ಮೇ ತಿಂಗಳಲ್ಲಿ ಬೀದರ್ ಕಡೆಯ ಗೋರಟಾದಲ್ಲಿ ಹತ್ಯಾಕಾಂಡ. ಪೊಲೀಸ್ ಕಾರ್ಯಾಚರಣೆ ಆದ ಮೇಲೆ ಮುಸ್ಲಿಮರ ಮೇಲೆ ಹಿಂಸೆ ಆಯ್ತು. ಸುಂದರ್‌ಲಾಲ್ ಸಮಿತಿ ಅತಿ ಹೆಚ್ಚು ಸಾವು ಕಂಡ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಗುಲ್ಬರ್ಗಾ ಹೆಸರೂ ಬರೆದದ. ಎರಡನ್ನೂ ಹೇಳದಿದ್ರೆ ಅದು ಚರಿತ್ರೆ ಆಗಂಗಿಲ್ಲ.

ಈಗ ಕಾಮರ್ಸ್ ವಿದ್ಯಾರ್ಥಿಯ ಕಣ್ಣಿಂದ ನೋಡ್ರಿ. ಹಳೇ ವ್ಯವಸ್ಥೆಯಲ್ಲಿ ಸರ್ಫ್-ಎ-ಖಾಸ್ ಅಂತ ಇತ್ತು. ಆ ಭೂಮಿಯ ಕಂದಾಯ ನೇರ ನಿಜಾಮರ ಸ್ವಂತ ಜೇಬಿಗೆ. 1949ರಲ್ಲಿ ಅದು ಸರ್ಕಾರದ ಖಜಾನೆಗೆ ಸೇರ್ತು, ಅದೇ ವರ್ಷ ಜಾಗೀರುಗಳೂ ರದ್ದಾದವು. ದೊರೆಯ ಲೆಕ್ಕ ಬೇರೆ, ರಾಜ್ಯದ ಲೆಕ್ಕ ಬೇರೆ ಆಯ್ತು. ನಿಜಾಮರಿಗೆ ವರ್ಷಕ್ಕೆ 50 ಲಕ್ಷ ರೂಪಾಯಿ ರಾಜಧನ ಅಂತ ಗೊತ್ತಾಯ್ತು. ನನ್ನ ಪ್ರಕಾರ ಗಣರಾಜ್ಯ ನಮ್ಮ ಕಡೆ ಕಾಲಿಟ್ಟಿದ್ದು ಈ ಲೆಕ್ಕದ ಪುಸ್ತಕದಲ್ಲಿ.

1949ರ ನವೆಂಬರಿನಲ್ಲಿ ನಿಜಾಮರು ಭಾರತದ ಸಂವಿಧಾನ ಒಪ್ಪಿ ಫರ್ಮಾನು ಕೊಟ್ರು. 1950ರ ಜನವರಿ 26ಕ್ಕೆ ರಾಜಪ್ರಮುಖರಾದ್ರು. ಅದೇ ಮನುಷ್ಯ, ಆದ್ರೆ ಕುರ್ಚಿ ಈಗ ಹುಟ್ಟಿನಿಂದ ಬಂದದ್ದಲ್ಲ, ರಾಷ್ಟ್ರಪತಿಯ ಮನ್ನಣೆಯಿಂದ ಬಂದದ್ದು. 1952ರಲ್ಲಿ ಚುನಾವಣೆ ಆಗಿ ಬೂರ್ಗುಲ ರಾಮಕೃಷ್ಣ ರಾವ್ ಮುಖ್ಯಮಂತ್ರಿ ಆದ್ರು. 1938ರಲ್ಲಿ ಕೇಳಿದ್ದು 14 ವರ್ಷಕ್ಕೆ ಸಿಕ್ತು!

1956ರ ಅಕ್ಟೋಬರ್ 31ಕ್ಕೆ ರಾಜಪ್ರಮುಖ ಹುದ್ದೆಯೇ ಮುಗೀತು. ಮರುದಿನ ನಾವು ಮೈಸೂರು ರಾಜ್ಯದವರು. ಅಲ್ಲಿ ರಾಜ್ಯಪಾಲರು ಯಾರು? ಜಯಚಾಮರಾಜೇಂದ್ರ ಒಡೆಯರ್! ಮತ್ತೊಬ್ಬ ಮಾಜಿ ರಾಜ. ಆದ್ರೆ ಅವರೂ ನೇಮಕ ಆದವರು. 1971ರ 26ನೇ ತಿದ್ದುಪಡಿ ರಾಜಧನವನ್ನೂ ತೆಗೀತು.

ನಮಗೆ ಇದ್ರಿಂದ ಏನು ಸಿಕ್ತು? ರಾಜನ ಮುಂದೆ ಅರ್ಜಿ ಹಿಡ್ಕೊಂಡು ನಿಂತ್ರೆ ಅವ ಕೊಟ್ಟಿದ್ದು ಕೃಪೆ. 2012ರ 98ನೇ ತಿದ್ದುಪಡಿಯಿಂದ ಬಂದ 371ಜೆ ನಮ್ಮ ಹಕ್ಕು. ಸಿಗದಿದ್ರೆ ಕೋರ್ಟಿಗೆ ಹೋಗಬಹುದು, ಮುಂದಿನ ಚುನಾವಣೆಯಲ್ಲಿ ಕೇಳಬಹುದು. ರಸ್ತೆ, ಕಾಲೇಜು, ನೀರು ಇನ್ನೂ ಸಾಲದು, ಖರೆ. ಆದ್ರೆ ಕೇಳುವಾಗ ಕೈಕಟ್ಟಿ ನಿಲ್ಲಬೇಕಾಗಿಲ್ಲ.

ನಿಮ್ಮ ಮನ್ಯಾಗ ಹಳೇ ಹಾಲಿ ಸಿಕ್ಕಾ ನಾಣ್ಯ ಇದ್ರೆ ಫೋಟೋ ಕಳಸ್ರಿ. ಮುಂದಿನ ಭಾಗ ಅದರ ಮೇಲೆ.

#ನಮ್ಮೂರಚರಿತ್ರೆ #ಕಲ್ಯಾಣಕರ್ನಾಟಕ #ಸೇಡಂ #ವಾಡಿ