ಹೊಸ್ತಿಲಲ್ಲಿ ನಿಂತ ನಿಘಂಟುಕಾರ

ಟೇಬಲ್ ಮೇಲೆ ಪೆನ್ನು ಸೊಟ್ಟಗಿದ್ದರೆ ಸಾಕು, 'ನಂಗೆ ಸ್ವಲ್ಪ ಒಸಿಡಿ' ಅನ್ನೋದು ನಮ್ಮ ಆಫೀಸುಗಳಲ್ಲಿ ಮಾಮೂಲಿ ಜೋಕು. ಊರ ಕಡೆ ಇದಕ್ಕೆ 'ಮಡಿ ಜಾಸ್ತಿ' ಅಂತ ಹೆಸರಿಟ್ಟು ನಗ್ತಾರೆ. ನಿಜವಾದ ಗೀಳು ಹೇಗಿರುತ್ತೆ ಅಂತ ತಿಳಿಯೋಕೆ ಸ್ಯಾಮುಯಲ್ ಜಾನ್ಸನ್ ಬದುಕು ನೋಡಬೇಕು.

1755ರಲ್ಲಿ ಸುಮಾರು 42,000 ಪದಗಳ ಇಂಗ್ಲಿಷ್ ನಿಘಂಟು ಹೊರತಂದ ಪಂಡಿತ ಈತ. ಆದರೆ ಒಂದು ಬಾಗಿಲು ದಾಟೋಕೆ ಒದ್ದಾಡುತ್ತಿದ್ದ. ಇಷ್ಟೇ ಹೆಜ್ಜೆ ಇಡಬೇಕು, ಇಂಥದ್ದೇ ಕಾಲು ಮೊದಲು ಹೊಸ್ತಿಲು ದಾಟಬೇಕು. ಲೆಕ್ಕ ತಪ್ಪಿದರೆ ವಾಪಸ್ ಹೋಗಿ ಮೊದಲಿಂದ ಶುರು. ಗೆಳೆಯ ಬಾಸ್ವೆಲ್ 1791ರ ಜೀವನಚರಿತ್ರೆಯಲ್ಲಿ ಇದನ್ನು ಬರೆದಿಟ್ಟಿದ್ದಾನೆ.

ಜೊತೆಗೆ ಖಿನ್ನತೆ. 1729ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಹುಟ್ಟೂರು ಲಿಚ್‌ಫೀಲ್ಡ್‌ನಲ್ಲಿ ಅದು ಅವನನ್ನು ಗಟ್ಟಿಯಾಗಿ ಹಿಡಿಯಿತು. ತಡೆಯಲಾರದೆ ಬರ್ಮಿಂಗ್‌ಹ್ಯಾಮ್‌ವರೆಗೆ ನಡೆದು ಹೋಗಿ ಬರುತ್ತಿದ್ದ. ತನ್ನ ಸ್ಥಿತಿಯನ್ನೆಲ್ಲ ಲ್ಯಾಟಿನ್‌ನಲ್ಲಿ ಬರೆದು ಪರಿಚಯದ ವೈದ್ಯರಿಗೆ ಕೊಟ್ಟ. ಅವರು ಬರವಣಿಗೆ ಚೆನ್ನಾಗಿದೆ ಅಂತ ಮೆಚ್ಚಿ ಬೇರೆಯವರಿಗೂ ತೋರಿಸಿಬಿಟ್ಟರು! ಜಾನ್ಸನ್‌ಗೆ ಆದ ನೋವು ಪೂರ್ತಿ ಮಾಯಲೇ ಇಲ್ಲ. ತನಗೆ ಹುಚ್ಚು ಹಿಡಿಯುತ್ತೆ ಅನ್ನೋ ಭಯವೂ ಬಹುಕಾಲ ಕಾಡಿತು.

ಸತ್ತವರಿಗೆ ಈಗ ರೋಗದ ಹೆಸರಿಡೋದು ಕಷ್ಟ. ಜಾನ್ಸನ್‌ಗೆ ಟುರೆಟ್ ಸಿಂಡ್ರೋಮ್ ಇತ್ತು ಅನ್ನುವ ವೈದ್ಯರೂ ಇದ್ದಾರೆ. ಆದರೆ ಗೀಳು, ಖಿನ್ನತೆ ಒಟ್ಟಿಗೆ ಬರೋದು ಇವತ್ತಿಗೂ ಸಾಮಾನ್ಯ. ಎಷ್ಟೋ ಜನರಲ್ಲಿ ಗೀಳು ಮೊದಲು, ಖಿನ್ನತೆ ಆಮೇಲೆ. ಕಾರಣ ಊಹಿಸೋದು ಕಷ್ಟವಲ್ಲ. ಫ್ರಾನ್ಸಿನ ವೈದ್ಯ ಎಸ್ಕಿರೋಲ್ 1838ರಲ್ಲೇ ಗಮನಿಸಿದಂತೆ, ತಾನು ಮಾಡ್ತಿರೋದು ಅರ್ಥವಿಲ್ಲದ್ದು ಅಂತ ರೋಗಿಗೇ ಗೊತ್ತಿರುತ್ತೆ. ಗೊತ್ತಿದ್ದೂ ನಿಲ್ಲಿಸೋಕಾಗಲ್ಲ. ದಿನಕ್ಕೆ ಗಂಟೆಗಟ್ಟಲೆ ಹೀಗೇ ಹೋದರೆ, ಅದನ್ನು ಮುಚ್ಚಿಡೋಕೆ ಇನ್ನಷ್ಟು ಹೆಣಗಿದರೆ, ಮನಸ್ಸು ಕುಸಿಯದೆ ಇನ್ನೇನಾಗುತ್ತೆ?

ಜಾನ್ಸನ್ ಕಾಲದಲ್ಲಿ ಇಲ್ಲದ್ದು ನಮಗಿದೆ. 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ಹೊಸ ದಾರಿ ತೋರಿಸಿದರು: ಭಯ ಹುಟ್ಟಿಸೋದನ್ನು ಮುಟ್ಟಿಸೋದು, ಆಮೇಲೆ ಕೈ ತೊಳೆಯದಂತೆ ತಡೆಯೋದು. ಖಿನ್ನತೆಗೆಂದು ತಯಾರಾದ ಕ್ಲೋಮಿಪ್ರಮಿನ್ ಮಾತ್ರೆ ಗೀಳಿಗೂ ಕೆಲಸ ಮಾಡುತ್ತೆ ಅಂತ 1960ರ ದಶಕದಲ್ಲೇ ಸ್ಪೇನಿನ ವೈದ್ಯರು ಕಂಡಿದ್ದರು. ಅಮೆರಿಕದಲ್ಲಿ ಗೀಳಿಗೆ ಅದನ್ನು ಕೊಡಲು ಒಪ್ಪಿಗೆ ಸಿಕ್ಕಿದ್ದು 1989ರಲ್ಲಿ. ನಮ್ಮ ನಿಮ್ಹಾನ್ಸ್‌ನಲ್ಲೂ ಗೀಳಿಗೇ ಪ್ರತ್ಯೇಕ ಕ್ಲಿನಿಕ್ ಇದೆ.

ಹಾಗಾಗಿ ಪಕ್ಕದ ಸೀಟಿನವರು ಬೀಗ ಹಾಕಿದೆನಾ ಅಂತ ನೋಡೋಕೆ ಮೂರನೇ ಸಲ ಎದ್ದು ಹೋದರೆ ನಗಬೇಡಿ. ಅವರಾಗೇ ನಿಮ್ಮ ಹತ್ತಿರ ಬಾಯಿಬಿಟ್ಟರೆ ಕೇಳಿಸಿಕೊಳ್ಳಿ, ಬೇಕಿದ್ದರೆ ಡಾಕ್ಟರ್ ಹತ್ತಿರ ಜೊತೆಗೆ ಹೋಗಿ. ಮತ್ತೆ ದಯವಿಟ್ಟು, ಇನ್ನೊಬ್ಬರಿಗೆ ತೋರಿಸಬೇಡಿ.